ಬ್ಯಾಡ್ಜ್ ಇಲ್ಲದ ನಾಲ್ಕು ನಿಮಿಷ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 5.50

ಮೀಟರ್ ಚಾರ್ಜ್ ಆಗಿದೆ. ಸೀಸದ ಏಪ್ರನ್ ಡಿಕ್ಕಿಯಲ್ಲಿದೆ. ಬ್ಯಾಡ್ಜ್ ಕಾಲರ್‌ಗೆ ಸಿಕ್ಕಿಸಿಯಾಯಿತು — ಆದರೂ ಮೂರು ಸಲ ಮುಟ್ಟಿ ನೋಡಿದೆ. ಇಂದು ಡಾಲಸ್. ಎರಡು ಕ್ಲಿನಿಕ್, ಮೂರು ಎಕ್ಸ್‌ರೇ ಯಂತ್ರ. ಯಂತ್ರ ಅಳತೆ ಮೀರಿದೆಯೇ, ಅಲ್ಲಿ ಕೆಲಸ ಮಾಡುವವರು ಬ್ಯಾಡ್ಜ್ ಹಾಕಿಕೊಂಡಿದ್ದಾರೆಯೇ ಎಂದು ನೋಡುವುದಕ್ಕೆ ರಾಜ್ಯ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಹಾಕದವರಿದ್ದರೆ ನೋಟಿಸ್ ಬರೆಯುವವಳು ನಾನು.

ಮೈಸೂರಿಗೆ ಹೋದಾಗ ದೊಡ್ಡಪ್ಪ ಈ ಬ್ಯಾಡ್ಜ್ ಏನೆಂದು ಕೇಳಿದ್ದರು. ಮೈಗೆ ಎಷ್ಟು ವಿಕಿರಣ ತಾಗಿತೆಂದು ಲೆಕ್ಕ ಇಡುವ ಪ್ಲಾಸ್ಟಿಕ್ ತುಂಡು ಎಂದೆ. "ಓ, ಚಿತ್ರಗುಪ್ತ ಅನ್ನು" ಎಂದರು.

ಹೊಟ್ಟೆ ತೊಳಸುತ್ತಿದೆ. ಇಂದಿಗೆ ಆರು ವಾರ. ಗೊತ್ತಿರುವುದು ಗಂಡ ಪ್ರಹ್ಲಾದನಿಗೆ, ಅಮ್ಮನಿಗೆ, ಈ ನೋಟ್‌ಬುಕ್‌ಗೆ. ಪ್ರಹ್ಲಾದ್ ನಿನ್ನೆ ಸಂಜೆಯೇ ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ಗೆ ಹೋದ, ಕ್ಲೈಂಟ್ ಆಫೀಸ್. ಪ್ರತಿ ವಾರದಂತೆ ಗುರುವಾರ ಬರುತ್ತಾನೆ. ಆಸ್ಟಿನ್ ಮನೆಯಲ್ಲಿ ನಾನು ಮತ್ತು ನನ್ನ ವಾಕರಿಕೆ.

ಫೆಬ್ರವರಿ 5, ಬುಧವಾರ

ಅಮ್ಮನ ಫೋನ್.

"ಮೂರು ತಿಂಗ್ಳು ತುಂಬೋವರ್ಗೂ ಉಸಿರು ಬಿಡ್ಬೇಡ ಕಣೇ. ಆಫೀಸ್ನವ್ರಿಗಂತೂ ಬೇಡ್ವೇ ಬೇಡ. ದೃಷ್ಟಿ ತಾಗತ್ತೆ."

"ಅಮ್ಮ, ಇಲ್ಲಿ ಬರೆದುಕೊಟ್ರೇನೇ ರಕ್ಷಣೆ..."

"ರಕ್ಷಣೆ ಕೊಡೋನು ಮೇಲಿದಾನೆ. ಫಾರ್ಮ್ ಗೀರ್ಮ್ ಆಮೇಲೆ ನೋಡ್ಕೋ."

ಕಾನೂನೂ ತಮಾಷೆಯದೇ. ನಾನಾಗಿ ಬರೆದುಕೊಡುವವರೆಗೆ ನಾನು ಬಸುರಿಯಲ್ಲ. ಹೊಟ್ಟೆ ಮುಂದೆ ಬಂದು ಮೇಜಿಗೆ ತಾಗಿದರೂ ಯಾರೂ ಕೇಳುವಂತಿಲ್ಲ, ಕೆಲಸದಿಂದ ದೂರ ಇಡುವಂತಿಲ್ಲ. ಬರೆದುಕೊಟ್ಟರೆ ಮಗುವಿನ ಹೆಸರಿನಲ್ಲಿ ಇನ್ನೊಂದು ಬ್ಯಾಡ್ಜ್ ಕೊಡುತ್ತಾರೆ, ಸೊಂಟಕ್ಕೆ. ಪ್ರತಿ ತಿಂಗಳೂ ಅದರ ರೀಡಿಂಗ್ ಬರುತ್ತದೆ. ಮಿತಿ ಬಿಗಿಯಾಗುತ್ತದೆ.

ಬರೆದುಕೊಡಲಿಲ್ಲ. ಬದಲಿಗೆ ಬೆನ್ನು ನೋವು ಎಂದೆ! ಮುಂದಿನ ವಾರದ ಹೂಸ್ಟನ್ ಕೆಲಸ ರೊಸೆಂಡೊ ತೆಗೆದುಕೊಂಡ. ಪಕ್ಕದ ಡೆಸ್ಕ್‌ನವನು, ಒಳ್ಳೆಯವನು. "ನಮ್ಮಮ್ಮನಿಗೂ ಬೆನ್ನು ಹಾಗೇ" ಎಂದು ಒಂದು ಮುಲಾಮಿನ ಹೆಸರು ಬರೆದುಕೊಟ್ಟ. ನಾಚಿಕೆಯಾಯಿತು.

ಫೆಬ್ರವರಿ 11, ಮಂಗಳವಾರ

ಸುಳ್ಳಿಗೆ ಇಷ್ಟು ಸತ್ಕಾರ ನಾನೆಲ್ಲೂ ಕಂಡಿಲ್ಲ. ರೊಸೆಂಡೊ ನನ್ನ ಬೆನ್ನಿನ ವಿಷಯ ಸೇಫ್ಟಿ ಕಮಿಟಿಗೆ ತಿಳಿಸಿದ್ದಾನೆ. ಬೆಳಿಗ್ಗೆಯೇ ಟೇಪು ಹಿಡಿದು ಒಬ್ಬಾಕೆ ಬಂದು ನನ್ನ ಮೊಣಕಾಲಿನಿಂದ ನೆಲಕ್ಕೆ, ಮೊಣಕೈಯಿಂದ ಕೀಬೋರ್ಡಿಗೆ, ಕಣ್ಣಿನಿಂದ ಸ್ಕ್ರೀನಿಗೆ ಎಲ್ಲ ಅಳೆದರು. ಬ್ಲೌಸ್ ಹೊಲಿಸುವಾಗಲೂ ಯಾರೂ ಹೀಗೆ ಅಳೆದಿರಲಿಲ್ಲ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೀರಾ ಎಂದು ಕೇಳಿದರು. ಹೂಂ ಎಂದೆ. ಬರೆದುಕೊಂಡರು.

ಮಧ್ಯಾಹ್ನ ಹೊಸ ಕುರ್ಚಿ ಬಂತು. ಕಾಲಿಡಲು ಮಣೆ ಬಂತು. ನಾಳೆ ಫೋನ್ ಮಾಡಿ ವಿಚಾರಿಸುತ್ತಾರಂತೆ. ಇಲ್ಲದ ನೋವಿಗೆ ಇಷ್ಟು ಮಾಡುವವರು ಇರುವ ನೋವಿಗೆ ಏನು ಮಾಡಿಯಾರು? ಯೋಚನೆ ಬಂದದ್ದೇ ತಲೆ ಕೊಡವಿಕೊಂಡೆ.

ಫೆಬ್ರವರಿ 13, ಗುರುವಾರ

ವಾರ್ಷಿಕ ಸೇಫ್ಟಿ ಟ್ರೈನಿಂಗ್. ನಡೆಸಿದ್ದು ಮಿಸ್ ಅರ್ನೆಸ್ಟೀನ್, ನಮ್ಮ ವಿಕಿರಣ ಸುರಕ್ಷಾ ಅಧಿಕಾರಿ. ಅರವತ್ತೈದು ದಾಟಿರಬೇಕು. ಹೂಸ್ಟನ್ ಕಡೆಯವರು, ಎಲ್ಲರನ್ನೂ ಬೇಬಿ ಎನ್ನುತ್ತಾರೆ, ಡೈರೆಕ್ಟರನ್ನೂ.

"ತಪ್ಪು ಮಾಡಿದವ್ರನ್ನ ಹಿಡಿಯೋಕೆ ನಾನಿಲ್ಲಿ ಕೂತಿಲ್ಲ. ಬ್ಯಾಡ್ಜ್ ಮರೆತ್ರೆ ಬಂದು ಹೇಳಿ. ತಡ ಆದ್ರೂ ಹೇಳಿ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಕಾಲರ್‌ಗೆ ಹೋಯಿತು.

ಬರೆದೇ ಬಿಡುತ್ತೇನೆ. ಇಲ್ಲಿಯವರೆಗೆ ಇಲ್ಲೂ ಬರೆದಿಲ್ಲ.

ಕಳೆದ ಮೇ. ಹೂಸ್ಟನ್‌ನ ಒಂದು ಆಸ್ಪತ್ರೆ, ಹೃದಯದ ಪರೀಕ್ಷೆಯ ಕೋಣೆ. ಹಿಂದಿನ ಬಸುರಿನ ಎಂಟನೇ ವಾರ. ಆಗಲೂ ಬರೆದುಕೊಟ್ಟಿರಲಿಲ್ಲ, ಆಗಲೂ ಮೂರು ತಿಂಗಳು ತುಂಬಲಿ ಎಂದೇ. ಏಪ್ರನ್ ಹಾಕಿಕೊಳ್ಳಲು ಜಾಕೆಟ್ ಕಳಚಿ ಹೊರಗಿನ ಕೊಕ್ಕೆಗೆ ಹಾಕಿದೆ. ಬ್ಯಾಡ್ಜ್ ಜಾಕೆಟ್ ಮೇಲೆ ಉಳಿಯಿತು. ಒಳಗೆ ಯಂತ್ರ ನಾಲ್ಕು ನಿಮಿಷ ಓಡಿತು. ಏಪ್ರನ್ ಮುಂದೆ ಮಾತ್ರ ಮುಚ್ಚುವಂಥದ್ದು. ನಾನು ಬೆನ್ನು ತಿರುಗಿಸಿ ನೋಟ್ಸ್ ಬರೆಯುತ್ತಾ ನಿಂತಿದ್ದೆ. ಹೊರಗೆ ಬಂದು ಜಾಕೆಟ್ ನೋಡಿದಾಗಲೇ ಗೊತ್ತಾದದ್ದು.

ಹತ್ತನೇ ವಾರದಲ್ಲಿ ಮಗು ಹೋಯಿತು.

ಫುಡ್ ಪಾಯ್ಸನಿಂಗ್ ಎಂದು ಎರಡು ದಿನ ರಜೆ ಹಾಕಿದೆ. ಯಾರಿಗೂ ಹೇಳಿರಲಿಲ್ಲವಲ್ಲ, ಹಾಗಾಗಿ ಯಾರೂ ಬಂದು ಕೇಳಲೂ ಇಲ್ಲ. ಡಾಕ್ಟರ್ ಹೀಗೆ ಎಷ್ಟೋ ಜನಕ್ಕೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಅವರಿಗೆ ಜಾಕೆಟ್ ವಿಷಯ ಹೇಳಿರಲಿಲ್ಲ. ಪ್ರಹ್ಲಾದ್ ಮಾತ್ರ, "ಆ ವೀಕೆಂಡ್ ಬಿಗ್ ಬೆಂಡ್‌ಗೆ ಹೋಗ್ಬಾರ್ದಿತ್ತು. ಏಳೆಂಟು ಗಂಟೆ ಕಾರಲ್ಲಿ ಕುಲುಕಿಸ್ಕೊಂಡು ಕರ್ಕೊಂಡು ಹೋದೋನು ನಾನೇ" ಎಂದು ಅತ್ತ. ಅಲ್ಲ ಎನ್ನಬಹುದಿತ್ತು. ನಾನು ಸುಮ್ಮನಿದ್ದೆ. ಆಮೇಲೆ ಅವನು ಆ ಬೆಟ್ಟಗಾಡಿನ ಪ್ರವಾಸದ ಫೋಟೋಗಳನ್ನೆಲ್ಲ ಅಳಿಸಿಬಿಟ್ಟ.

ಎಂಎಸ್ಸಿ ಫಿಸಿಕ್ಸ್. ಆ ನಾಲ್ಕು ನಿಮಿಷದ ಲೆಕ್ಕ ನೂರು ಸಲ ಮಾಡಿದ್ದೇನೆ. ಹಗಲಲ್ಲಿ ಮಾಡಿದರೆ ಏನೂ ಅಲ್ಲ ಎಂದು ಬರುತ್ತದೆ. ಮನಸ್ಸು ಕೆಟ್ಟ ದಿನ ದೂರವನ್ನು ಎರಡು ಅಡಿ ಕಡಿಮೆ ಹಾಕುತ್ತೇನೆ, ಮತ್ತೆ ಭಯ. ನನ್ನ ಲೆಕ್ಕವನ್ನು ನಾನೇ ನಂಬುವುದಿಲ್ಲ.

ಫೆಬ್ರವರಿ 20, ಗುರುವಾರ. ಮಧ್ಯಾಹ್ನ

ಬೆಳಿಗ್ಗೆ ಒಂದು ಚೂರು ರಕ್ತ. ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತೇ ಬನ್ನಿ ಎಂದಿದ್ದಾರೆ.

ಅದೇ ದಿನ, 4.30

ಡಾಕ್ಟರ್ ನೋಡಿದರು. ಎದೆಬಡಿತ ಇದೆ. ಕೇಳಿಸಿದರು. ಓಡೋಡಿ ಬಡಿದುಕೊಳ್ಳುತ್ತಿದೆ. ದೇವರೇ, ದೇವರೇ.

ಸ್ಕ್ಯಾನ್ ಟೇಬಲ್ ಮೇಲೆ ಮಲಗಿ ನಿರ್ಧಾರ ಮಾಡಿದೆ. ದೃಷ್ಟಿ ತಾಗುವುದಾದರೆ ಮುಚ್ಚಿಟ್ಟವರಿಗೂ ತಾಗುತ್ತದೆ. ಕಳೆದ ಸಲ ಹೊರಗಿನ ಒಂದು ಪಿಳ್ಳೆಗೂ ಹೇಳಿರಲಿಲ್ಲ, ಏನು ಉಳಿಯಿತು?

ಫೆಬ್ರವರಿ 24, ಸೋಮವಾರ

ಮಿಸ್ ಅರ್ನೆಸ್ಟೀನ್ ಕೋಣೆಗೆ ಹೋದೆ. ಫಾರ್ಮ್ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎದ್ದು ಬಾಗಿಲು ಹಾಕಿ ಬಂದರು.

"ಅಭಿನಂದನೆ, ಬೇಬಿ. ಈ ಕಾಗದ ಈ ಕೋಣೆ ದಾಟಲ್ಲ. ನಿನ್ನ ಬಾಸ್‌ಗೆ ಕೆಲಸ ಬದಲಾಯಿಸು ಅಂತ ಮಾತ್ರ ಹೇಳ್ತೀನಿ, ಯಾಕೆ ಅಂತ ಹೇಳಲ್ಲ."

ಅಲ್ಲಿಗೆ ಎದ್ದು ಬರಬಹುದಿತ್ತು. ಬರಲಿಲ್ಲ. ಬೆನ್ನು ನೋವು ಸುಳ್ಳು ಎಂದೆ. ಫುಡ್ ಪಾಯ್ಸನಿಂಗ್ ಸುಳ್ಳು ಎಂದೆ. ಜಾಕೆಟ್ ವಿಷಯ ಹೇಳಿದೆ. ಸರ್ಕಾರಿ ಇನ್ಸ್‌ಪೆಕ್ಟರ್, ಬ್ಯಾಡ್ಜ್ ಇಲ್ಲದೆ ಒಳಗೆ ನಿಂತಳು, ಮುಚ್ಚಿಟ್ಟಳು — ಕೆಲಸ ಹೋದರೆ ಹೋಗಲಿ ಎಂದು ಹೇಳಿದೆ. ಮಧ್ಯದಲ್ಲಿ ಎರಡು ಮೂರು ವಾಕ್ಯ ಕನ್ನಡದಲ್ಲೇ ಬಂದುಬಿಟ್ಟವು. ಅವರು ಅದಕ್ಕೂ ತಲೆಯಾಡಿಸಿದರು.

ಕನ್ನಡಕ ಕಳಚಿ ಫಾರ್ಮ್ ಮೇಲಿಟ್ಟರು. ಆಮೇಲೆ,

"ಮೇ ತಿಂಗಳಿಂದ ಇದನ್ನ ಒಬ್ಬಳೇ ಹೊತ್ಕೊಂಡು ಓಡಾಡ್ತಿದೀಯಾ?"

ಹೂಂ ಎಂದೆ.

"ಜೂನಲ್ಲಿ ನಿನ್ನ ಮುಖ ನೋಡಿದ್ದೆ. ಹೊಟ್ಟೆ ಕೆಟ್ಟವರ ಮುಖ ಹಾಗಿರಲ್ಲ. ನೀನು ಹೇಳದೆ ನಾನು ಕೇಳೋ ಹಾಗಿರ್ಲಿಲ್ಲ, ಅದು ರೂಲು. ಅದಕ್ಕೇ ಬಿಸ್ಕತ್ತು ತಂದಿಟ್ಟು ಹೋದೆ."

ಅಂದು ಡೆಸ್ಕ್ ಮೇಲೆ ಉಪ್ಪು ಬಿಸ್ಕತ್ತು, ಶುಂಠಿ ಸೋಡಾ ಇದ್ದವು. ಯಾರು ಇಟ್ಟದ್ದೆಂದು ಇವತ್ತು ಗೊತ್ತಾಯಿತು. ಅವರ ಮುಂದೆಯೇ ಬಿಕ್ಕಿ ಅತ್ತೆ.

ಟಿಶ್ಯೂ ಕೊಟ್ಟರು. ಆಮೇಲೆ ಪೆನ್ ತೆಗೆದರು. ನೀತಿಪಾಠ ಇಲ್ಲ. ಎಲ್ಲಿ ನಿಂತಿದ್ದೆ? ಮೇಜಿನ ಯಾವ ಬದಿ? ಬೆನ್ನು ಯಾವ ಕಡೆ? ಎಷ್ಟು ನಿಮಿಷ? ಚಿತ್ರ ಬರೆಸಿದರು.

"ಇದು ಫೈಲಿಗೆ ಹೋಗುತ್ತೆ. ಟ್ರೈನಿಂಗ್ ಮತ್ತೆ ಮೊದಲಿಂದ ಮಾಡ್ಬೇಕು ನೀನು. ಬೈಗುಳ ಬೇಕಿದ್ರೆ ಅದೂ ಕೊಡ್ತೀನಿ, ಆದರೆ ನೀನೇ ಸಾಕಷ್ಟು ಬೈಕೊಂಡಿದೀಯ ಅನ್ಸುತ್ತೆ."

"ಲೆಕ್ಕ ನಾನು ಮಾಡಿದೀನಿ, ಮಿಸ್ ಅರ್ನೆಸ್ಟೀನ್. ನಂಬಿಕೆ ಬರಲ್ಲ."

"ಲೆಕ್ಕ ಯಾರಿಗೆ ಬೇಕು? ಯಂತ್ರ ಅಲ್ಲೇ ಇದೆಯಲ್ಲ. ಹೋಗಿ ಅಳೆದು ಬರ್ತೀನಿ."

ನೂರಾ ಅರವತ್ತು ಮೈಲಿ. ಮಂಡಿ ನೋವಿರುವ ಹೆಂಗಸು. ಇವರ ನೋವು ಸುಳ್ಳಲ್ಲ.

ಫೆಬ್ರವರಿ 25, ಮಂಗಳವಾರ

ಸೊಂಟಕ್ಕೆ ಪುಟ್ಟ ಬ್ಯಾಡ್ಜ್ ಬಂತು. ಷರ್ಟಿನ ಒಳಗೆ ಸಿಕ್ಕಿಸಿಕೊಂಡಿದ್ದೇನೆ. ಅಮ್ಮನಿಗೆ ಹೇಳಿದೆ. ಬೈದಳು. ಬೈದು ಮುಗಿಸಿ, "ಆಯಮ್ಮ ಯಾರೋ, ಅವ್ಳ ಹೊಟ್ಟೆ ತಣ್ಣಗಿರ್ಲಿ" ಎಂದಳು.

ಪ್ರಹ್ಲಾದನಿಗೆ ಫಾರ್ಮ್ ಕೊಟ್ಟದ್ದಷ್ಟೇ ಹೇಳಿದೆ. ಜಾಕೆಟ್ ವಿಷಯ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಂಬರ್ ಬರಲಿ. ನಂಬರ್ ಕೆಟ್ಟದಾಗಿದ್ದರೂ ಹೇಳಲೇಬೇಕು.

ಮಾರ್ಚ್ 4, ಮಂಗಳವಾರ. ಸಂಜೆ

ಹೋಗಿದ್ದಾರೆ. ರೊಸೆಂಡೊ ಕಾರು ಓಡಿಸಿದ. ಅವನಿಗೆ ಹಳೆಯ ಒಂದು ಅಳತೆ ಮತ್ತೆ ತೆಗೆಯಬೇಕು ಎಂದಷ್ಟೇ ಗೊತ್ತು. ಮಧ್ಯಾಹ್ನ ಅವನಿಂದ ಮೆಸೇಜ್ — ಹೂಸ್ಟನ್ ಅಂಚಿನ ಸೈಪ್ರೆಸ್ ಹತ್ತಿರ ಟ್ರಾಫಿಕ್, ಮಿಸ್ ಅರ್ನೆಸ್ಟೀನ್ ದಾರಿಯುದ್ದಕ್ಕೂ ಹಾಡುತ್ತಿದ್ದಾರೆ, ಕಾಪಾಡು.

ಮೊದಲ ಸಲ ನಗು ಬಂತು. ಆಮೇಲೆ ಏನೂ ಸೇರಲಿಲ್ಲ, ಮೊಸರನ್ನವೂ.

ಮಾರ್ಚ್ 6, ಗುರುವಾರ. ಸಂಜೆ 6.40

ಕರೆದರು. ಬಾಗಿಲು ಹಾಕಿದರು. ಕಾಗದ ನನ್ನ ಕಡೆ ತಿರುಗಿಸಿಟ್ಟರು.

ನಾನು ಬರೆದ ಚಿತ್ರದ ಪ್ರಕಾರ, ಅದೇ ಕೋಣೆಯಲ್ಲಿ, ಅದೇ ಯಂತ್ರ ಓಡಿಸಿ, ನನ್ನ ಸೊಂಟದ ಎತ್ತರಕ್ಕೆ ಮೀಟರ್ ನಿಲ್ಲಿಸಿದ್ದಾರೆ. ನಾನು ಹೇಳಿದ್ದು ನಾಲ್ಕು ನಿಮಿಷ. ಅವರು ಆರು ಓಡಿಸಿದ್ದಾರೆ. ನಾನು ಹೇಳಿದ್ದಕ್ಕಿಂತ ಎರಡು ಅಡಿ ಹತ್ತಿರವೂ ಇಟ್ಟು ನೋಡಿದ್ದಾರೆ. "ನೀನು ಮನೆಗೆ ಹೋಗಿ ದೂರ ಕಡಿಮೆ ಮಾಡ್ಕೊಂಡು ಅಳ್ತೀಯ ಅಂತ ಗೊತ್ತಿತ್ತು" ಎಂದರು.

ಬಸುರಿಯ ಮಗುವಿಗೆ ಇರುವ ಮಿತಿ ಐನೂರು ಮಿಲಿರೆಮ್. ಅವಳಿಗೆ ತಾಗಿದ್ದು, ಎಲ್ಲವನ್ನೂ ಕೆಟ್ಟದ್ದೇ ಎಂದು ಹಿಡಿದರೂ, ಎರಡು. ಮನೆಯಲ್ಲಿ ಸುಮ್ಮನೆ ಕೂತರೂ ಮಣ್ಣಿನಿಂದ ಆಕಾಶದಿಂದ ಎರಡು ಮೂರು ದಿನಕ್ಕೆ ಅಷ್ಟು ಬರುತ್ತದೆ. ಬೆಂಗಳೂರಿಗೆ ವಿಮಾನದಲ್ಲಿ ಹೋದರೆ ಅದಕ್ಕಿಂತ ಎಷ್ಟೋ ಹೆಚ್ಚು. ಕೆಳಗೆ ಅವರ ಸಹಿ, ತಾರೀಖು.

"ನಿನ್ನಿಂದ ಹೋಗಿಲ್ಲ, ಬೇಬಿ" ಎಂದರು. "ಅಳೆದು ನೋಡಿ ಹೇಳ್ತಿದೀನಿ."

ಕೈ ಹಿಡಿದುಕೊಂಡೆ. ಥ್ಯಾಂಕ್ಸ್ ಎಂದೆ. ಎಷ್ಟು ಸಣ್ಣ ಮಾತು ಅದು. ಅವರ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಅದಕ್ಕೂ ಒಂದು ಇನ್ಸಿಡೆಂಟ್ ರಿಪೋರ್ಟ್ ಬರೆದಾರು.

ಪಾರ್ಕಿಂಗ್‌ನಲ್ಲಿ ಅರ್ಧ ಗಂಟೆ ಕೂತಿದ್ದೆ. ಹೆದರಿಕೆಯಲ್ಲಿ, ಆ ಮಗುವಿಗಾಗಿ ಇಷ್ಟು ದಿನ ಸರಿಯಾಗಿ ಅತ್ತೇ ಇರಲಿಲ್ಲ. ಇವತ್ತು ಅತ್ತೆ. ಅವಳು ಎಂದೇ ಮೇಲೆ ಬರೆದಿದ್ದೇನೆ. ನನಗೆ ಯಾಕೋ ಹಾಗೇ ಅನ್ನಿಸುತ್ತಿತ್ತು.

ಹತ್ತನೇ ವಾರ ದಾಟಿತು. ಹೊಟ್ಟೆ ಈಗಲೂ ತೊಳಸುತ್ತಿದೆ, ಪುಣ್ಯ.

ಗ್ಯಾರೇಜ್ ಬಾಗಿಲಿನ ಸದ್ದು. ಪ್ರಹ್ಲಾದ್ ಬಂದ. ಕಾಗದ ಕೈಯಲ್ಲೇ ಇದೆ. ಮೊದಲು ಜಾಕೆಟ್ ವಿಷಯ. ಬೈಯಲಿ. ಆಮೇಲೆ ಅವನದು — ಬಿಗ್ ಬೆಂಡ್ ದಾರಿ ಏನೂ ಮಾಡಲಿಲ್ಲ ಕಣೋ, ನೀನು ಅಷ್ಟು ಮೆಲ್ಲಗೆ ಓಡಿಸಿದ್ದೆ, ಪ್ರತಿ ಗುಂಡಿಗೂ ಸಾರಿ ಕೇಳುತ್ತಿದ್ದೆ, ನಾನು ಅಂದೇ ಹೇಳಬೇಕಿತ್ತು, ನಿನ್ನ

ಕರೆಯುತ್ತಿದ್ದಾನೆ. ಬಂ