ನಿನ್ನ ಬ್ರೆಜಿಲ್‌ಗೆ ನನ್ನ ಮುನ್ನುಡಿ

ಭಾಲ್ಕಿ
೧೩ ಮೇ ೨೦೨೫

ಗೆಳತಿ ವಿಜಯಶ್ರೀಗೆ,

ಮಹಾಮಾಯಾಳ ಜೈಭೀಮ್. ಈ ಶಬ್ದವನ್ನು ನಿನ್ನ ಮನೆಯ ಹೊಸ್ತಿಲೊಳಗೆ ನಾನು ಒಮ್ಮೆಯೂ ಉಚ್ಚರಿಸಿಲ್ಲ. ಕಾಗದದಲ್ಲಾದರೂ ಒಳಗೆ ಬರಲಿ.

ನಿನ್ನೆ ಬುದ್ಧ ಪೂರ್ಣಿಮೆ. ಖೀರು ಒಲೆಯ ಮೇಲಿದ್ದಾಗ ಬೀದರಿನ ಪ್ರೆಸ್ಸಿನಿಂದ ಫಕ್ರೋದ್ದೀನ ನಿನ್ನ ಬ್ರೆಜಿಲ್ ಪ್ರವಾಸದ ಪುಸ್ತಕದ ಕರಡು ಪ್ರತಿ ತಂದ. ಪ್ರತಿವರ್ಷ ನಮ್ಮ ವಿಹಾರದ ಜಯಂತಿ ಕರಪತ್ರ ಅಚ್ಚು ಹಾಕುವವನೂ ಅವನೇ. ಅದರ ಕೆಳಗೆ ಅಧ್ಯಕ್ಷೆ ಎಂದು ನನ್ನ ಹೆಸರು ಜೋಡಿಸಿ ಜೋಡಿಸಿ ಅವನಿಗೆ ಬಾಯಿಪಾಠವಾಗಿದೆ. ಖೀರು ತಿಂದು, ಮೀಸೆ ಒರೆಸಿಕೊಂಡು, ನಿನ್ನ ಕೃತಜ್ಞತೆಯ ಪುಟ ತೆರೆದು ಬೆರಳಿಟ್ಟ. “ಮೇಡಂ, ಇದು ನಮ್ಮ ಮಿಷ್ಟೇಕ್ ಅಲ್ಲರಿ. ಅವರ ಕಾಪಿದಾಗೇ ಹಿಂಗದ. ನಿಮ್ಮ ಜಾತಿ ಯಾವಾಗ ಬದಲಾತ್ರಿ? ನಮಗ ಒಂದು ದಾವತ್ ಇಲ್ಲೇನು?” ಎಂದ. ನಾನೂ ನಕ್ಕೆ. ಅವನು ಹೋದ ಮೇಲೆ ಓದಿದೆ.

“ಉದಗೀರ ಸೀಮೆಯ ಸುಸಂಸ್ಕೃತ ಮರಾಠಾ ಮನೆತನದಿಂದ ಬಂದ ನನ್ನ ಗೆಳತಿ ಮಹಾಮಾಯಾ.”

ಇದೇ ಪುಸ್ತಕಕ್ಕೆ ನಾನು ಮುನ್ನುಡಿ ಬರೆಯಬೇಕು ಎನ್ನುತ್ತೀ.

ಮೊದಲು ನ್ಯಾಯದ ಮಾತು. ಪುಸ್ತಕ ಚೆನ್ನಾಗಿದೆ. ಕಾಫಿ ತೋಟಗಳ ಅಧ್ಯಾಯ ಓದುವಾಗ ಬಿಸಿಲು ಮೈಗೆ ತಾಗುತ್ತದೆ. ಹೋದ ವರ್ಷ ನೀನು ಅಲ್ಲಿನ ಸಾಲ್ವಡಾರ್ ಊರಿನ ಬೀದಿಯಲ್ಲಿ ತಿಂದ ಅಲಸಂದೆ ವಡೆಯ ವಾಸನೆ ಭಾಲ್ಕಿಯವರೆಗೂ ಬಂತು. ಇಬ್ಬರೂ ಒಂದೇ ಸಾಲೆಯಲ್ಲಿ ಮಾಸ್ತರಿಕೆ ಮಾಡಿದವರು, ಒಂದೇ ಬೆಂಚಿನ ಮೇಲೆ ಕುಳಿತು ಆ ದೇಶದ ಚರಿತ್ರೆ ಓದಿದವರು. ನನ್ನ ಪುಸ್ತಕದ ಕಪಾಟಿನಿಂದ ನೀನು ಒಯ್ದದ್ದರಲ್ಲಿ ಅರ್ಧ ಇನ್ನೂ ವಾಪಸು ಬಂದಿಲ್ಲ. ಇರಲಿ. ಅವನ್ನು ಓದಿಯೂ ನೀನು ಹೀಗೆ ಬರೆದೆಯಲ್ಲ ಎಂಬುದೇ ನನ್ನ ಸಂಕಟ.

‘ಬಣ್ಣ ಕೇಳದ ನಾಡು’ ಎಂದು ಒಂದು ಅಧ್ಯಾಯ. ಅರ್ಧ ಶತಮಾನದ ಹಿಂದೆ ಅಲ್ಲಿನ ಸರ್ಕಾರ ಮನೆಮನೆಗೆ ಹೋಗಿ ನಿಮ್ಮ ಬಣ್ಣ ಯಾವುದೆಂದು ಕೇಳಿದಾಗ ಜನ ನೂರಮೂವತ್ತಕ್ಕೂ ಹೆಚ್ಚು ಹೆಸರು ಹೇಳಿದರು. ದಾಲ್ಚಿನ್ನಿ, ಗೋಧಿ, ಹಾಲು ಬೆರೆಸಿದ ಕಾಫಿ, ಬಿಸಿಲಿಗೆ ಸುಟ್ಟದ್ದು. ನೀನು ಅದನ್ನು ಕಾಮನಬಿಲ್ಲು ಎಂದು ಕೊಂಡಾಡಿದ್ದೀ. ನನಗೆ ಕಾಮನಬಿಲ್ಲು ಕಾಣಲಿಲ್ಲ, ವಿಜಯಾ. ಕಪ್ಪು ಎಂಬ ಒಂದು ಶಬ್ದ ಹೇಳಿದರೆ ಯಾವ ಕೆಲಸ ತಪ್ಪುತ್ತದೆ, ಯಾವ ಬಾಗಿಲು ಮುಚ್ಚುತ್ತದೆ ಎಂಬುದು ಗೊತ್ತಿದ್ದವರು ಆ ಒಂದು ಶಬ್ದದ ಸುತ್ತ ನೂರು ಶಬ್ದದ ಬೇಲಿ ಕಟ್ಟಿಕೊಂಡದ್ದು ಕಂಡಿತು. ಆ ಬೇಲಿ ನನಗೆ ಗುರುತಿನದು. ನನ್ನ ಸುತ್ತ ಅಂಥದ್ದನ್ನು ನೀನೇ ಕಟ್ಟಿದ್ದೀ.

ಎಳ್ಳ ಅಮಾವಾಸ್ಯೆ ನೆನಪಿದೆಯೆ? ನಾವಿಬ್ಬರೂ ಕೆಲಸಕ್ಕೆ ಸೇರಿದ ಮೊದಲ ವರ್ಷ. ನಿಮ್ಮ ಹೊಲದಲ್ಲಿ, ತೊಗರಿಯ ಸಾಲಿನ ಪಕ್ಕ ಜಮಖಾನೆ ಹಾಸಿ ನಿನ್ನ ಅತ್ತೆ ಈರಮ್ಮನವರು ನನ್ನ ಎಲೆಗೆ ಭಜ್ಜಿ ಬಡಿಸುತ್ತಿದ್ದರು. ನಿನ್ನ ದೊಡ್ಡಮಾವ ಬಸವಣ್ಣೆಪ್ಪನವರು ಅಂಬಲಿ ಗುಟುಕರಿಸುತ್ತ, “ಈ ಮಾಸ್ತರಬಾಯಿ ಯಾರ ಪೈಕಿರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು, “ಮರಾಠರ ಪೈಕಿರಿ, ಉದಗೀರ ಕಡಿಯವ್ರು” ಎಂದೆ. ನನ್ನ ಬಾಯಲ್ಲಿ ಭಜ್ಜಿ ಇತ್ತು. ಅದರ ಜೊತೆಗೆ ನನ್ನ ಊರು ಡಾಬಕಾವನ್ನೂ ನುಂಗಿದೆ. ಬಸ್ಸಿನಲ್ಲಿ ನಾನು ಜಗಳ ತೆಗೆದಾಗ ನೀನು ಹೇಳಿದ್ದು ಇಷ್ಟು: “ಮಂದಿ ಬಾಯಿ ಮುಚ್ಚಸ್ಲಿಕ್ಕ ಹೇಳಿದೆನವಾ. ಅತ್ತಿಗಿ ಗೊತ್ತಾದ್ರ ನಾ ಆ ಮನ್ಯಾಗ ಬಾಳೇ ಮಾಡಂಗಿಲ್ಲ. ಒಂದೀಟು ದಿನ ತಡಿ, ನಾನೇ ಹೇಳ್ತೇನಿ.”

ಆ ಒಂದೀಟು ದಿನ ನಲವತ್ತು ವರ್ಷವಾಯಿತು. ಈ ನಡುವೆ ನಾನು ನಿನ್ನ ನೆಂಟರ ಮುಂದೆ ‘ನಮ್ಮ ಮೇಡಂ’ ಆದೆ, ‘ಮರಾಠಿ ಮಂದಿ’ ಆದೆ, ‘ಭಾಳ ಸ್ವಚ್ಛ ಇರ್ತಾರ’ ಆದೆ. ಆ ಕೊನೆಯ ಬಿರುದು ನೀನು ಬೇರೆ ಯಾವ ಗೆಳತಿಗೂ ಕೊಟ್ಟದ್ದನ್ನು ನಾನು ಕೇಳಿಲ್ಲ. ನಿನಗೆ ಬಯ್ಯುವ ಹಕ್ಕು ನನಗಿದೆ, ಏಕೆಂದರೆ ಯಾರವರು ಎಂದು ಕೇಳಲೇಬಾರದೆಂದು ಹೇಳಿದ ಧರ್ಮ ನಿನ್ನದು. ಬಸವ ಜಯಂತಿಗೆ ನೀನು ಭಾಷಣ ಮಾಡುವಾಗ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವಳು ನಾನು.

ನಿನ್ನ ಮಗ ಅಮಿತಕುಮಾರನ ಲಗ್ನದ ಮಾತನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆಗುತ್ತಿಲ್ಲ. ಕರೆಯೋಲೆಯ ಮೇಲೆ ನೀನೇ ‘ಕುಟುಂಬ ಸಮೇತ’ ಎಂದು ಬರೆದಿದ್ದೆ. ಅವ್ವ ಎರಡು ದಿನ ಮೊದಲೇ ಡಾಬಕಾದಿಂದ ಬಂದು, ಬಿಳಿ ಸೀರೆಗೆ ನೀಲ ಹಾಕಿ ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದಳು. ಹಿಂದಿನ ಸಂಜೆ ನೀನು ಬಂದೆ. ನನ್ನನ್ನು ಬಾಗಿಲ ಆಚೆ ಕರೆದು, “ಅವ್ವನ್ನ ಕರಕೊಂಡು ಬರಬ್ಯಾಡ. ಅಕಿ ಎಲ್ಲಾರಿಗೂ ಜೈಭೀಮ್ ಅಂತಾಳ, ಬೀಗರ ಮುಂದ ಗೊತ್ತಾಗ್ತದ” ಎಂದೆ. ಮೆಲ್ಲಗೇ ಹೇಳಿದೆ. ಆದರೆ ನಮ್ಮದು ತಗಡಿನ ಮನೆ. ನೀನು ಹೋದ ಮೇಲೆ ಅವ್ವ ಸೀರೆ ಮಡಚುತ್ತ ಕೇಳಿದಳು: “ಯಾಕ, ಕುರ್ಚಿ ಕಮ್ಮಿ ಬಿದ್ದಾವೇನ?” ಆ ಸೀರೆಯನ್ನು ಮತ್ತೆ ಉಡಲಿಲ್ಲ. ಮುಂದೆ ಅವಳು ತೀರಿಕೊಂಡಾಗ ನಾನೇ ಅದನ್ನು ಹೊದಿಸಿದೆ. ನೀನು ಅಳುತ್ತ ಬಂದಿದ್ದೆ, ನಿಜ. ಮಣ್ಣಿಗೂ ಬಂದೆ. ಅಲ್ಲಿ ನಿನ್ನ ಬೀಗರು ಇರಲಿಲ್ಲವಲ್ಲ.

ಲಗ್ನಕ್ಕೆ ನಾನು ಯಾಕೆ ಹೋದೆ ಎಂದು ನೀನು ಕೇಳಬಹುದು. ಅವ್ವನೇ ಕಳಿಸಿದಳು. “ಹುಡುಗ ಏನ್ ಮಾಡ್ಯಾನ, ಹೋಗಿ ಅಕ್ಷತಾ ಹಾಕಿ ಬಾ” ಎಂದಳು.

ಇನ್ನು ನಿನ್ನ ರಾಜಕುಮಾರಿ. ಇವತ್ತು ಮೇ ಹದಿಮೂರು. ಗುಲಾಮಗಿರಿ ರದ್ದು ಮಾಡಿದ ಕಾಗದಕ್ಕೆ ಇಸಾಬೆಲ್ ಸಹಿ ಹಾಕಿದ ದಿನ. ಅವಳ ಕರುಣೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದೀ. ಅವಳಿಗಿಂತ ಇನ್ನೂರು ವರ್ಷ ಹಿಂದೆ, ಓಡಿಹೋದ ಗುಲಾಮರು ಪಾಲ್ಮಾರಿಸ್‌ನ ಗುಡ್ಡಗಳಲ್ಲಿ ತಾವೇ ಊರು ಕಟ್ಟಿ, ಹೆಚ್ಚುಕಡಿಮೆ ನೂರು ವರ್ಷ ದಂಡುಗಳನ್ನು ತಡೆದು ನಿಂತದ್ದಕ್ಕೆ ಮೂರು ಸಾಲು ಕೊಟ್ಟಿದ್ದೀ. ಅವರ ನಾಯಕ ಜುಂಬಿ ಸತ್ತ ದಿನ ಈಗ ಅಲ್ಲಿ ದೇಶಕ್ಕೇ ರಜೆ. ಆ ಕರಿಯ ಜನ ನವೆಂಬರಿನ ಆ ದಿನವನ್ನು ತಮ್ಮದೆನ್ನುತ್ತಾರೆ, ಮೇ ಹದಿಮೂರನ್ನಲ್ಲ. ಸಹಿ ಹಾಕಿದ ಕಾಗದದಲ್ಲಿ ಒಂದು ಗುಂಟೆ ಭೂಮಿಯ ಮಾತಿರಲಿಲ್ಲ, ಒಂದು ಸಾಲೆಯ ಮಾತಿರಲಿಲ್ಲ. ಬಿಟ್ಟೆವು, ಹೋಗಿ, ಅಷ್ಟೇ. ಕೊಟ್ಟವರ ಹೆಸರು ದೊಡ್ಡದಾಗಿ, ಪಡೆದುಕೊಂಡವರ ಹೆಸರು ಸಣ್ಣದಾಗಿ ಬರೆಯುವುದು ಅಲ್ಲಿಯ ರೋಗ ಮಾತ್ರ ಎಂದು ತಿಳಿದಿದ್ದೆ.

ನಿನ್ನ ಪುಸ್ತಕದಲ್ಲಿ ನನಗೆ ಕಣ್ಣೀರು ಬಂದ ಪುಟ ಒಂದಿದೆ. ಬೊಂಫಿಂ ಚರ್ಚಿನ ಮೆಟ್ಟಿಲು. ಹಬ್ಬಕ್ಕೆ ಮುಂಚೆ ಗುಲಾಮರಿಂದ ಆ ಚರ್ಚನ್ನು ತೊಳೆಸುತ್ತಿದ್ದರು. ಆಮೇಲೆ ಇವರು ತೊಳೆಯುವಾಗ ತಮ್ಮ ದೇವರ ಹಾಡು ಹೇಳುತ್ತಾರೆಂದು ದೊಡ್ಡ ಪಾದ್ರಿಗಳು ಒಳಗೆ ಬಿಡಲಿಲ್ಲ, ಬಾಗಿಲು ಹಾಕಿದರು. ಹೆಂಗಸರು ಬಿಳಿಯ ಉಡುಪು ಉಟ್ಟು, ಅತ್ತರು ಬೆರೆಸಿದ ನೀರು ತಂದು ಮೆಟ್ಟಿಲನ್ನೇ ತೊಳೆದರು. ಇವತ್ತಿಗೂ ತೊಳೆಯುತ್ತಾರೆ. ಆ ನೀರು ನಿನ್ನ ತಲೆಯ ಮೇಲೂ ಬಿತ್ತು, ನೀನು ಕೈಮುಗಿದು ಅಳುತ್ತ ನಿಂತೆ ಎಂದು ಬರೆದಿದ್ದೀ. ಬಿಳಿ ಸೀರೆಯ ಒಬ್ಬ ಮುದುಕಿಯನ್ನು ಭಾಲ್ಕಿಯ ತಗಡಿನ ಮನೆಯಲ್ಲಿ ಕೂರಿಸಿ ಬಂದವಳಿಗೆ, ಅಲ್ಲಿ, ಸಮುದ್ರದ ಆಚೆ, ಬಿಳಿಯುಟ್ಟ ಮುದುಕಿಯರನ್ನು ಕಂಡು ಅಳು ಬಂತಲ್ಲ. ಅಳುವಾಗ ಒಮ್ಮೆಯಾದರೂ ನನ್ನ ಅವ್ವ ನೆನಪಾದಳೆ? ನೆನಪಾಗಿದ್ದರೆ ಯಾಕೆ ಬರೆಯಲಿಲ್ಲ?

ಮುನ್ನುಡಿ ಇದರ ಜೊತೆಗಿದೆ. ನಿನ್ನ ಪುಸ್ತಕವನ್ನು ಹೊಗಳಿದ್ದೇನೆ, ಎರಡು ಕಡೆ ತಿದ್ದಿದ್ದೇನೆ. ಅದರ ಮೊದಲ ವಾಕ್ಯ ಹೀಗಿದೆ: ‘ಔರಾದ ತಾಲ್ಲೂಕಿನ ಡಾಬಕಾದ ಬೌದ್ಧವಾಡಿಯಲ್ಲಿ, ಪರರ ಹೊಲದ ಕಳೆ ಕಿತ್ತು ನನ್ನನ್ನು ಓದಿಸಿದ ಕೌಸಲ್ಯಾಬಾಯಿಯ ಮಗಳಾದ ನಾನು ಈ ಪುಸ್ತಕವನ್ನು ನಿಮ್ಮ ಕೈಗಿಡುತ್ತಿದ್ದೇನೆ.’ ಹಾಕುವುದಾದರೆ ಒಂದಕ್ಷರ ಬಿಡದೆ ಹಾಕು, ನಿನ್ನ ಕೃತಜ್ಞತೆಯ ಸಾಲನ್ನೂ ತಿದ್ದು. ಆಗದಿದ್ದರೆ ಎರಡನ್ನೂ ತೆಗೆದುಬಿಡು. ಬಿಡುಗಡೆಯ ದಿನ ಬೀದರಿಗೆ ಬರುತ್ತೇನೆ, ಕೊನೆಯ ಸಾಲಿನಲ್ಲಿ ಕುಳಿತು ಚಹಾ ಕುಡಿದು ಹೋಗುತ್ತೇನೆ. ಆಮೇಲೆ ನಾವು ಒಂದು ಕಾಲದಲ್ಲಿ ಜೊತೆಗೆ ಕೆಲಸ ಮಾಡಿದ ಇಬ್ಬರು ಮಾಸ್ತರಬಾಯಿಯರು. ಅಷ್ಟೇ.

ನಿನ್ನ, ಇನ್ನೂ ನಿನ್ನವಳೆಂದು ಬರೆಯಲು ಮನಸ್ಸಿರುವ,
ಮಹಾಮಾಯಾ
(ಕೌಸಲ್ಯಾಬಾಯಿಯ ಮಗಳು, ಡಾಬಕಾ)

ಮರೆತ ಮಾತು: ಮರೆತದ್ದಲ್ಲ, ಇಟ್ಟುಕೊಂಡದ್ದು. ನಿನ್ನ ಅತ್ತೆ ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ನೀನು ಔಷಧಿಗೆಂದು ಬೀದರಿಗೆ ಹೋಗಿದ್ದೆ, ನಾನು ಅವರಿಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಗದ್ದ ಹಿಡಿದು ನಕ್ಕರು. “ಕೌಸಲ್ಯಾನ ಮಾರಿನೇ ಅದ. ಏ ಹುಚ್ಚಿ, ನಾ ನಿಮ್ಮ ಡಾಬಕಾದ ಬಾಜೂಕಿನ ಠಾಣಾ ಕುಶನೂರ ಮನಿ ಮಗಳಿದ್ದೀನಿ. ನಿಮ್ಮವ್ವ ನಮ್ಮ ಹೊಲಕ್ಕ ತೊಗರಿ ಕೊಯ್ಲಿಕ್ಕ ಬರ್ತಿದ್ಳು. ಮೊದಲ ದಿನಾನೇ ಗುರ್ತು ಹಿಡದೀನಿ. ಸೊಸಿ ತಾನಾಗಿ ಹೇಳಲಿ ಅಂತ ಸುಮ್ಮನಿದ್ದೆ.” ಗಂಜಿಯ ಬಟ್ಟಲು ಸರಿಸಿ, ಮತ್ತೆ ಹೇಳಿದರು: “ಹೊಲದಾಗ ಅಕಿಗಿ ತಂಬಗಿಲೆ ಮ್ಯಾಲಿಂದ ನೀರು ಹಾಕ್ತಿದ್ದೆ, ಬೊಗಸ್ಯಾಗ ಕುಡಿತಿದ್ಳು. ಅಮಿತನ ಲಗ್ನದಾಗ ನನ್ನ ಕೈಲೇ ಗಿಲಾಸಿನ್ಯಾಗ ಕೊಡಬೇಕಂತ ಬಾಗಲದಾಗ ನಿಂತಿದ್ದೆ. ಅಕಿ ಯಾಕ ಬರಲಿಲ್ಲ?”

ಅವ್ವನಿಗೆ ಮೊಣಕಾಲು ನೋವಿತ್ತು ಎಂದೆ, ವಿಜಯಾ. ನಿನ್ನ ಮಾನ ಕಾಯಲು.