ಹಿಮದ ಮೇಲೆ ಕೂರಿಸಿದ ಶಿವ

ಹೊಸನಗರ
೧೨-೨-೧೯೭೯, ಸೋಮವಾರ

ಪ್ರೀತಿಯ ಅಣ್ಣಯ್ಯಾ,

ಹೇಗಿದ್ದೀಯ? ಚಳಿಗೆ ಒಡೆದಿದ್ದ ಕಾಲ್ಬೆರಳು ವಾಸಿಯಾಯಿತೇ? ಅಪ್ಪಯ್ಯನ ಮಂಡಿನೋವು ಹಾಗೇ ಇದೆ. ಆದರೂ ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ, ತಾವು ಇಪ್ಪತ್ತೆಂಟು ವರ್ಷ ಓಡಿಸಿದ ತೀರ್ಥಹಳ್ಳಿ–ಸಾಗರ ಬಸ್ಸಿನ ಹೊಸ ಡ್ರೈವರನ್ನು ಬೈದು ಬರುತ್ತಾರೆ. ನನಗೆ ಶಾಲೆಯಲ್ಲಿ ಅದೇ ಡ್ರಾಯಿಂಗ್ ಪಾಠ, ಅದೇ ಮಾವಿನಕಾಯಿ, ಅದೇ ಹೂದಾನಿ. ಇದು ನಾಲ್ಕನೇ ಕಾಗದ. ಹಿಂದಿನ ಮೂರಕ್ಕೂ ನೀನು ಒಂದು ಸಾಲು ಬರೆಯಲಿಲ್ಲ. ನಾನು ಕೇಳಿದ್ದಾದರೂ ಏನು? ನೆರಳಿನಲ್ಲಿ ಹಿಮದ ಬಣ್ಣ ಯಾವುದು, ಅಷ್ಟೇ ತಾನೆ? ಗಡಿಯ ನಿನ್ನ ಸೈನ್ಯದ ಠಾಣೆಯಿಂದ ನೀನು ಕಳಿಸಿದ ಬೆಟ್ಟದ ಫೋಟೋ ಕಪ್ಪುಬಿಳುಪಿನದು. ಹಿಮವನ್ನೇ ನೋಡದ ನಾನು ಕೊನೆಗೆ ನೀಲಿಯನ್ನು ನಾನೇ ಊಹಿಸಿಕೊಂಡು ಹಚ್ಚಿದೆ. ತಪ್ಪಾಗಿದ್ದರೆ ಆ ತಪ್ಪು ನಿನ್ನದು.

ಆ ಚಿತ್ರದ ಕಥೆ ಕೇಳು. ಒಂದು ಹಿಮದ ಬೆಟ್ಟ, ಬಿಳಿ ಸೀರೆ ಹೊದ್ದು ಮಗ್ಗುಲಾಗಿ ಮಲಗಿದ ಹೆಂಗಸಿನ ಹಾಗೆ. ಹೆಗಲು, ಸೊಂಟ, ಮಡಚಿದ ಮೊಣಕಾಲು ಎಲ್ಲವೂ ಬೆಟ್ಟವೇ. ಅವ್ವ ಕೊನೆಯ ದಿನಗಳಲ್ಲಿ ಹಾಗೇ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಬೆಟ್ಟದ ಬುಡದಲ್ಲಿ ಗೋಡೆಯಿಲ್ಲದ ಒಂದು ಕೆಂಪು ಬಾಗಿಲು, ಒಂಟಿಯಾಗಿ ಹಿಮದಲ್ಲಿ ನಿಂತಿದೆ. ದಾರಿ ಇಲ್ಲ, ಹೆಜ್ಜೆ ಗುರುತಿಲ್ಲ. ಐದು ತಿಂಗಳು ಹಿಡಿಯಿತು. ಸಾಗರದ ಕಲಾಸಂಘದವರು ಪ್ರದರ್ಶನ ಮಾಡುತ್ತಾರೆಂದು ನಾನೇ ಒಯ್ದು ಕೊಟ್ಟೆ. ಅವರ ಕಾರ್ಯದರ್ಶಿ ನಾರಾಯಣಮೂರ್ತಿ ಚಿತ್ರವನ್ನು ಅಡ್ಡ ಉದ್ದ ತಿರುಗಿಸಿ ನೋಡಿ, “ಗೋಡೆನೇ ಇಲ್ದೆ ಬಾಗ್ಲು ಎಂತಕ್ಕೆ? ಇಷ್ಟು ದೊಡ್ಡ ಹಿಮಾಲಯ ಬರ್ದು ಶಿವನ್ನೇ ಬಿಟ್ಟಿದೀರಲ್ಲ ಟೀಚರೇ, ಒಬ್ಬನ್ನ ಕೂರ್ಸಿ” ಎಂದರು. ಬೇಡ ಎಂದೆ. ಎರಡು ಸಲ ಹೇಳಿದೆ. ಅವರು ನಕ್ಕರು. ಆ ನಗುವನ್ನು ನಾನು ಒಪ್ಪಿಗೆ ಎಂದುಕೊಂಡೆ, ದಡ್ಡಿ.

ಶುಕ್ರವಾರ ಉದ್ಘಾಟನೆಗೆ ಹೋದರೆ ನನ್ನ ಚಿತ್ರದ ಮುಂದೆ ಜನ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು! ಅವ್ವನ ಹೆಗಲ ಮೇಲೆ ಶಿವ ಕೂತಿದ್ದ. ಹುಲಿಚರ್ಮ, ಹಾವು, ಕೆಂಪು ತುಟಿ, ಎಲ್ಲ ಬಸ್ಸಿಗೆ ಹೊಡೆಯುವ ಪೇಂಟಿನಲ್ಲಿ. ಕೆಳಗೆ ‘ಕೈಲಾಸ ದರ್ಶನ’ ಎಂಬ ಚೀಟಿ, ಮೇಲೆ ಸೇವಂತಿಗೆ ಹಾರ. ಬರೆದವನು ಬೋರ್ಡು ಬರೆಯುವ ಕೆರಿಯಪ್ಪ. ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿ ಅವನ ಮುಖ ಸಣ್ಣದಾಯಿತು. “ಖಾಲಿ ಜಾಗ ಅದೆ, ತುಂಬ್ಸು ಅಂದ್ರು. ನೀವು ಬ್ಯಾಡ ಅಂದಿದ್ದು ಗೊತ್ತಿದ್ರೆ ಕೈ ಹಚ್ತಿರ್ಲಿಲ್ಲ ಟೀಚರೇ” ಎಂದ. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಕಾರ್ಯದರ್ಶಿಗಳ ಹತ್ತಿರ ಜಗಳಕ್ಕೆ ಹೋದರೆ, “ಮೊದಲ ಬಹುಮಾನ ಬಂದದೆ, ಈಗ ಎಂತ ಗಲಾಟೆ?” ಎಂದರು. ಅಳಿಸಿ ಎಂದೆ. ಸುತ್ತ ಇದ್ದವರು ನನ್ನನ್ನು ದೇವರನ್ನೇ ಕೊಲ್ಲಲು ಬಂದವಳಂತೆ ನೋಡಿದರು. ಬಹುಮಾನದ ಬಟ್ಟಲನ್ನು ಮೇಜಿನ ಮೇಲೇ ಬಿಟ್ಟು, ಹಾರ ಬಿಚ್ಚಿ ಕೆರಿಯಪ್ಪನ ಕೈಗಿಟ್ಟು, ಚಿತ್ರ ಎತ್ತಿಕೊಂಡು ಹೊರಟೆ. ಒಬ್ಬರೂ ತಡೆಯಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಭಕ್ತಿಯಿಂದ ಮುಂದಿನ ಸೀಟು ಬಿಡಿಸಿಕೊಟ್ಟ. ನನಗಲ್ಲ, ಶಿವನಿಗೆ.

ಮನೆಗೆ ಬಂದರೆ ಅಪ್ಪಯ್ಯ ಊದುಬತ್ತಿ ಹಚ್ಚಿದರು! ಆಗ ನನಗೆ ತಡೆಯಲಾಗಲಿಲ್ಲ. “ಅದು ಬೆಟ್ಟ ಅಲ್ಲ ಅಪ್ಪಯ್ಯ, ಅವ್ವ” ಎಂದು ಕೂಗಿಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸೊಂಟದ ಏರನ್ನು, ಮೊಣಕಾಲನ್ನು ಬೆರಳಿನಲ್ಲಿ ಗಾಳಿಯಲ್ಲೇ ಸವರಿದರು. ಆಮೇಲೆ, “ಹಂಗಾರೆ ಅವಳ ಹೆಗಲ ಮೇಲೆ ಈ ಭಾರ ಎಂತಕ್ಕೆ? ಇಳಿಸು” ಎಂದರು. ಊದುಬತ್ತಿ ಆರಿಸಿ, ಶಿವನಿಗೊಂದು ನಮಸ್ಕಾರ ಹಾಕಿ, ಗಡ್ಡದ ಬ್ಲೇಡು ತಂದರು. ಶನಿವಾರ ಭಾನುವಾರ ಎರಡೂ ದಿನ ಇಬ್ಬರೂ ಕೂತು ಕೆರೆದೆವು. ಶಿವ ಹೋದ. ಅವನ ಜೊತೆಗೆ ನನ್ನ ನೀಲಿಯೂ ಹೋಯಿತು. ಅವ್ವನ ಹೆಗಲಿನಲ್ಲಿ ಈಗ ಬರೀ ಕ್ಯಾನ್ವಾಸಿನ ಬಟ್ಟೆ ಕಾಣುತ್ತದೆ. ಮತ್ತೆ ಬಣ್ಣ ಹಚ್ಚಲು ಕುಂಚ ಹಿಡಿದರೆ ಕೈಯೇ ಏಳುವುದಿಲ್ಲ. ಎಲ್ಲರ ಮೇಲೂ ಸಿಟ್ಟು. ನಾರಾಯಣಮೂರ್ತಿಯವರ ಮೇಲೆ, ಕೈಮುಗಿದ ಜನರ ಮೇಲೆ, ಉತ್ತರ ಬರೆಯದ ನಿನ್ನ ಮೇಲೆ. ಅವ್ವ ಹೋದ ನಾಲ್ಕು ತಿಂಗಳಿಗೆ ಬಂದು, ಎಂಟು ದಿನ ಜಗಲಿಯಲ್ಲಿ ಮಾತಿಲ್ಲದೆ ಕೂತು ಹೋದೆಯಲ್ಲ, ಆ ನಿನ್ನ ಬೆನ್ನು ಇನ್ನೂ ಕಣ್ಣಮುಂದಿದೆ.

ಅಪ್ಪಯ್ಯನ ಆಶೀರ್ವಾದಗಳು. ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ, ಪಾರ್ಸೆಲ್ ಬೇರೆ ಬರುತ್ತದೆ. ಮೈ ಜೋಪಾನ.

ನಿನ್ನ ತಂಗಿ,
ಗಿರಿಜೆ

ವಿ.ಸೂ.: ಟಪಾಲು ತೆಗೆಯುವ ಹೊತ್ತಾಯಿತು, ಈಗ ಬರೆಯದಿದ್ದರೆ ಎಂದೂ ಬರೆಯುವುದಿಲ್ಲ. ಅವ್ವ ಹಾಸಿಗೆ ಹಿಡಿದ ಸೋಮವಾರವೇ ನಿನಗೆ ತಂತಿ ಕೊಡಲು ಅಪ್ಪಯ್ಯ ನನ್ನನ್ನು ಪೋಸ್ಟಾಫೀಸಿಗೆ ಕಳಿಸಿದ್ದರು. “ಅವನಿಗೆ ಗಾಬರಿ ಮಾಡ್ಬ್ಯಾಡ, ನಾ ಎದ್ದು ಕೂರ್ತೀನಿ” ಎಂದು ಅವ್ವ ನನ್ನ ಕೈಹಿಡಿದು ಹೇಳಿದ್ದಳು. ಅವಳ ಮಾತು ನಂಬಿ, ಫಾರಂ ತುಂಬಿ, ಕೊಡದೆ ವಾಪಸು ಬಂದೆ. ಕೊಟ್ಟೆ ಎಂದು ಅಪ್ಪಯ್ಯನಿಗೆ ಸುಳ್ಳು ಹೇಳಿದೆ. ನಿಜಕ್ಕೂ ಕೊಟ್ಟಿದ್ದು ಅವಳಿಗೆ ಜಾಸ್ತಿಯಾದ ಮೇಲೆ, ಗುರುವಾರ. ಅಷ್ಟರಲ್ಲಿ ಬುಧವಾರವೇ ಹಿಮ ಬಿದ್ದು ನಿನ್ನ ಹಾದಿ ಮುಚ್ಚಿತ್ತು. ನಿನ್ನನ್ನು ತಡೆದದ್ದು ಹಿಮವಲ್ಲ ಅಣ್ಣಯ್ಯಾ, ನಾನು. ಅಪ್ಪಯ್ಯನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಬೈದು ಬರೆ, ಆದರೆ ಬರೆ.