ಸೌಲೊ ಕಂಡ ಅಲೆ

ಇಸಾನ್ಯಾ ಬೆಟ್ಟ, ಟೆನೆರಿಫೆ
ಜೂನ್ ೧೧

ಪ್ರಿಯ ಸೌಲೊ ಅವರೇ,

ಗೊಮೇರಾ ದ್ವೀಪದ ಹವೆ ನಿಮಗೆ ಒಗ್ಗಿದೆಯೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೇಸರಿಸಬೇಡಿ. ಕಡಲಾಚೆಯ ಮರುಭೂಮಿಯ ಧೂಳು ಬೆಟ್ಟವನ್ನೇ ನುಂಗಿತ್ತು. ದೂರದರ್ಶಕದ ಮುಚ್ಚಳ ತೆಗೆಯುವಂತಿರಲಿಲ್ಲ. ಅಲ್ಲದೆ, ಖಚಿತವಾಗುವ ಮುಂಚೆ ನಿಮಗೆ ತಿಳಿಸಲು ಮನಸ್ಸಾಗಲಿಲ್ಲ.

ನಾನು ಗ್ವಾಸಿಮಾರಾ, ವೀಕ್ಷಣಾಲಯದಲ್ಲಿ ನಿಮ್ಮ ಜೊತೆ ಕೆಲಸ ಮಾಡಿದವಳು.

ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಉಬ್ಬಿ ಇಳಿಯುತ್ತದಲ್ಲ, ಆ ಲಯ ಅಲ್ಲೇ ಅಡಗುವುದಿಲ್ಲ, ಸುತ್ತಲಿನ ಪ್ರಭಾವಲಯವನ್ನು ದಾಟಿ ಸೌರ ಮಾರುತದ ಅಲೆಗಳಲ್ಲೂ ಉಳಿದಿರುತ್ತದೆ ಎಂದು ನೀವು ಹೇಳಿದಾಗ ಎಲ್ಲರೂ ನಕ್ಕಿದ್ದರು. ಆಗಿನ ಮುಖ್ಯಸ್ಥರು ದೊನ್ ಅನ್ಸೆಲ್ಮೊ ಅಂತೂ, "ಅದು ಸೂರ್ಯ ಅಲ್ಲ ಕಣಯ್ಯಾ, ನಿನ್ನ ದೂರದರ್ಶಕದ ಮೋಟಾರು ನಡುಗ್ತಿರೋದು!" ಎಂದಿದ್ದರು. ನೀವು ಜಗಳವಾಡಲಿಲ್ಲ. ಮೋಟಾರನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ನೋಡಿದಿರಿ. ಅಲೆ ಅಲ್ಲೇ ಇತ್ತು. ಆದರೂ ಯಾರೂ ನಂಬಲಿಲ್ಲ.

ಈ ಸಲ ನಾವು ಬೆಟ್ಟದಿಂದ ಪ್ರಭಾವಲಯವನ್ನು ನೋಡುತ್ತಿದ್ದ ದಿನಗಳಲ್ಲೇ, ಸೂರ್ಯನ ಸಮೀಪ ಹಾರುತ್ತಿದ್ದ ನೌಕೆಯೊಂದು ಅಲ್ಲಿಂದ ಹೊರಟ ಮಾರುತವನ್ನು ಅಳೆಯಿತು. ಎರಡರಲ್ಲೂ ಅದೇ ಲಯ, ಸೌಲೊ ಅವರೇ! ನೌಕೆಯಲ್ಲಿ ನಮ್ಮ ಮೋಟಾರು ಇಲ್ಲವಲ್ಲ!

ನಿವೃತ್ತರಾದ ದೊನ್ ಅನ್ಸೆಲ್ಮೊ ಸುದ್ದಿ ಕೇಳಿ ಕೋಲೂರಿಕೊಂಡು ಬೆಟ್ಟಕ್ಕೆ ಬಂದರು. ರೇಖಾಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಅವನಿಗೆ ಬರಿ ಕಣಮ್ಮಾ. ಅವನು ಹೇಳಿದ್ದೇ ಸರಿ ಇತ್ತು, ನಾನೇ ಕುರುಡ. ಪ್ರಬಂಧದಲ್ಲಿ ಮೊದಲ ಹೆಸರು ಅವನದೇ ಇರ್ಲಿ" ಎಂದರು. ಆಮೇಲೆ ಎಲ್ಲರೂ ಆಡಿನ ಹಾಲಿನ ಚೀಸ್ ತಿಂದು, ನಿಮ್ಮ ಹೆಸರಿನಲ್ಲಿ ವೈನ್ ಕುಡಿದೆವು.

ಬಿಸಿಲಲ್ಲಿ ಕೂರುವಾಗ ಟೋಪಿ ಮರೆಯಬೇಡಿ. ಕಾಂದೆಲಾರಿಯಾ ಮಾತೆ ನಿಮ್ಮನ್ನು ಸದಾ ಕಾಯಲಿ.

ನಿಮ್ಮ ಸಹೋದ್ಯೋಗಿ,
ಗ್ವಾಸಿಮಾರಾ

ತಾ.ಕ.: ಬೆನೀತಾ, ಇದು ನಿನಗೆ ಮಾತ್ರ, ನಿನ್ನಣ್ಣನಿಗೆ ಓದಿ ಹೇಳಬೇಡ. ಗ್ವಾಸಿಮಾರಾ ಯಾರು ಅಂತ ಅವನು ಕೇಳಿದರೆ, ಜೊತೆಯಲ್ಲಿ ಕೆಲಸ ಮಾಡಿದವಳು ಅಂತಷ್ಟೇ ಹೇಳು. ಹೆಂಡತಿ ಅನ್ನಬೇಡ. ಕಳೆದ ಸಲ ನಿಮ್ಮಲ್ಲಿಗೆ ಬಂದಾಗ ನಾನು ಹಾಗೆಂದಿದ್ದಕ್ಕೆ, ಪಾಪ, ಹೆದರಿ ಎದ್ದು ನಿಂತ. "ನನ್ನ ಹೆಂಡತಿ ಬರೋ ಹೊತ್ತಾಯ್ತು, ನೀವು ಹೊರಡಿ ತಾಯೀ" ಅಂದ. ಸೂರ್ಯನ ಮಾತು ಬಂದರೆ ಮಾತ್ರ ಈಗಲೂ ಅವನ ಮುಖ ಅರಳುತ್ತದೆ ಅಂದೆಯಲ್ಲ, ಅದಕ್ಕೇ ಹೀಗೆ ಬರೆದೆ. ಓದಿ ಮುಗಿಸಿದಾಗ ನಕ್ಕನಾ, ತಿಳಿಸು.